ಗೋಡೆಗೆ ಪೇಪರ್ ಹಚ್ಚಿದ ರಾತ್ರಿ

ಸಂಜೆ ಆರೂವರೆ. ಪಣಂಬೂರಿನ ನಿಮ್ಮ ಮನೆಯ ಹಾಲಿನಲ್ಲಿ ಬರಿಗಾಲಲ್ಲಿ ನಿಂತಿದ್ದೀರಿ. ಎದುರಿಗೆ ಗೋಡೆ. ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರ, ಕೆನೆಬಣ್ಣ. ಅದರ ನಡುವೆ ಹಳೆಯ ಕ್ಯಾಲೆಂಡರಿನ ಒಂದೇ ಒಂದು ಮೊಳೆ. ಕಡಲ ಗಾಳಿಗೆ ಅದರ ತಲೆ ತುಕ್ಕು ಹಿಡಿದಿದೆ. ಮೊಳೆಯಿಂದ ಕೆಳಕ್ಕೆ ಒಂದು ಗೇಣು ಉದ್ದದ ಕಂದು ಗೆರೆ ಇಳಿದಿದೆ.

ಕಿಟಕಿಯಿಂದ ಉಪ್ಪುಗಾಳಿ ಒಳಗೆ ಬರುತ್ತಿದೆ. ಪಕ್ಕದ ಮನೆಯಲ್ಲಿ ಬಂಗುಡೆ ಹುರಿಯುತ್ತಿದ್ದಾರೆ. ಹೆದ್ದಾರಿಯಲ್ಲಿ ಭಾರ ಹೊತ್ತ ಲಾರಿಯೊಂದು ಗೇರ್ ಬದಲಿಸಿದಾಗ ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ. ಆಗಲೇ ಫೋನು ರಿಂಗಣಿಸುತ್ತದೆ. ಸುರತ್ಕಲ್ಲಿನ ಡ್ರಾಯಿಂಗ್ ಮಾಸ್ಟ್ರು.

“ನಾಳೆ ಬೆಳಿಗ್ಗೆ ಕ್ಯಾನ್ವಾಸ್ ಕಟ್ಟುತ್ತೇನೆ. ರಾತ್ರಿ ಒಂಬತ್ತರ ಒಳಗೆ ಅಳತೆ ಹೇಳಿ ಆಯ್ತಾ? ಒಮ್ಮೆ ಕಟ್ಟಿ ಬಣ್ಣ ಹಾಕಲಿಕ್ಕೆ ಶುರು ಮಾಡಿದರೆ ಮತ್ತೆ ದೊಡ್ಡದು ಸಣ್ಣದು ಮಾಡಲಿಕ್ಕೆ ಆಗುವುದಿಲ್ಲ.”

ಫೋನು ಇಡುತ್ತೀರಿ. ಅಂಗೈ ಒದ್ದೆಯಾಗಿದೆ. ಎರಡೂವರೆ ಗಂಟೆ ಸಮಯವಿದೆ.

ಚಿತ್ರ ಯಾವುದೆಂಬುದು ಎಂದೋ ತೀರ್ಮಾನವಾಗಿದೆ. ಬಂದರು ಬರುವ ಮೊದಲಿನ ಪಣಂಬೂರು: ತೆಂಗಿನ ಸಾಲು, ಮರಳಿನ ಮೇಲೆ ಎಳೆದಿಟ್ಟ ದೋಣಿಗಳು, ಒಣಗಲು ಹರಡಿದ ಬಲೆ. ಅಮ್ಮ ಹೇಳುತ್ತಾ ಹೋದದ್ದನ್ನು ಕೇಳಿ ಮಾಸ್ಟ್ರು ಪೆನ್ಸಿಲಿನಲ್ಲಿ ಅದನ್ನು ಗೀಚಿ ತಂದಿದ್ದರು. ನವಮಂಗಳೂರು ಬಂದರನ್ನು ನೆಲ ಅಗೆದು, ಕಡಲನ್ನು ಒಳಗೆ ಬರಮಾಡಿಕೊಂಡು ಕಟ್ಟಿದ್ದಾರೆ. 1974ರ ಮೇ 4ರಂದು ಅದು ದೇಶದ ಒಂಬತ್ತನೇ ಪ್ರಮುಖ ಬಂದರಾಯಿತು. ಆ ಅಗೆತದಲ್ಲಿ ಎಷ್ಟೋ ಮನೆಗಳು ಎದ್ದುಹೋದವು, ಕಾಟಿಪಳ್ಳ, ಕೃಷ್ಣಾಪುರದ ಕಡೆ ಜನ ಹೊಸದಾಗಿ ಒಲೆ ಹಚ್ಚಿದರು. ಅಮ್ಮ ಹುಟ್ಟಿದ ಮನೆಯ ಜಾಗ ಇವತ್ತು ಯಾರಿಗೂ ಕಾಣುವುದಿಲ್ಲ. ಅದು ಕಾಣುವುದಿದ್ದರೆ ಈ ಗೋಡೆಯ ಮೇಲೆ ಮಾತ್ರ.

ಆದ್ದರಿಂದಲೇ ನಿಮಗೆ ಭಯ. ಹಿಂದೊಮ್ಮೆ ತಪ್ಪಿದ್ದೀರಿ. ಅಂಗಡಿಯಲ್ಲಿ ಇಷ್ಟವಾಗಿ ತಂದ ಹದಿನೆಂಟು ಇಂಚಿನ ಯಕ್ಷಗಾನದ ಚಿತ್ರ ಅಲ್ಲಿ ಕಣ್ಣು ತುಂಬಿತ್ತು. ಅಂಗಡಿಯ ಗೋಡೆಯಲ್ಲಿ ಚಿತ್ರದ ಪಕ್ಕ ಚಿತ್ರ, ಮೇಲೆ ಪ್ರಖರ ದೀಪ. ಎರಡಡಿ ದೂರದಲ್ಲಿ ನಿಂತು ನೋಡಿದ್ದಿರಿ. ಮನೆಗೆ ತಂದು ಇದೇ ಗೋಡೆಗೆ ತೂಗುಹಾಕಿದ ಕ್ಷಣ ಅದು ಕುಗ್ಗಿಹೋಯಿತು. ಅಮ್ಮ ತಮ್ಮ ಕುರ್ಚಿಯಿಂದ ಕಣ್ಣು ಕಿರಿದು ಮಾಡಿ, “ಅದರಲ್ಲಿ ಎಂತ ಉಂಟು? ಇಲ್ಲಿಗೆ ಕಾಣುವುದಿಲ್ಲ” ಎಂದಿದ್ದರು. ಈಗ ಅದು ಬೆಡ್‌ರೂಮಿಗೆ ಹೋಗುವ ಓಣಿಯಲ್ಲಿದೆ. ಹತ್ತಿರದಿಂದ ಹಾದುಹೋಗುವ ಜಾಗವಾದ್ದರಿಂದ ಅಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಅಳತೆ ಟೇಪು ಎಳೆಯುತ್ತೀರಿ. ಸೋಫಾ: ಎಂಬತ್ತನಾಲ್ಕು ಇಂಚು. ಇದನ್ನೇ ಮೊದಲು ಅಳೆಯಬೇಕು, ಗೋಡೆಯನ್ನಲ್ಲ. ಸೋಫಾದ ಮೇಲೆ ತೂಗುವ ಚಿತ್ರವನ್ನು ಕಣ್ಣು ಸೋಫಾದ ಜೊತೆ ಕೂಡಿಸಿ ಒಂದೇ ಗುಂಪಾಗಿ ನೋಡುತ್ತದೆ. ಗೋಡೆ ಹಿಂದೆ ಸರಿಯುತ್ತದೆ. ಸೋಫಾದ ಅಗಲದ ಮೂರನೇ ಎರಡು ಭಾಗದಿಂದ ಮುಕ್ಕಾಲು ಭಾಗದವರೆಗೆ ಚಿತ್ರ ಹರಡಿದರೆ ಎರಡೂ ಒಂದಕ್ಕೊಂದು ಒಗ್ಗುತ್ತವೆ. ಐವತ್ತಾರರಿಂದ ಅರವತ್ಮೂರು ಇಂಚು, ಕಟ್ಟು ಸೇರಿಸಿ. ಕಟ್ಟನ್ನು ಲೆಕ್ಕಕ್ಕೆ ಹಿಡಿಯಲು ಮರೆಯುವವರೇ ಹೆಚ್ಚು. ಎರಡಿಂಚಿನ ಪಟ್ಟಿ ಹಾಕಿದರೆ ಉದ್ದಕ್ಕೂ ಅಗಲಕ್ಕೂ ನಾಲ್ಕು ನಾಲ್ಕು ಇಂಚು ಸೇರಿತು.

ಈಗ ಎತ್ತರ. ಸೋಫಾದ ಬೆನ್ನು ನೆಲದಿಂದ ಮೂವತ್ತನಾಲ್ಕು ಇಂಚಿನಲ್ಲಿದೆ. ಬಗ್ಗಿ ನೋಡುತ್ತೀರಿ. ಅದಕ್ಕಿಂತ ತುಸು ಮೇಲೆ, ಗೋಡೆಯ ಮೇಲೆ, ಎರಡು ದುಂಡನೆಯ ಮಸುಕು ಕಲೆಗಳು. ಬೆರಳಿನಿಂದ ಮುಟ್ಟಿದರೆ ಜಿಡ್ಡು. ಮೂಸಿದರೆ ತೆಂಗಿನೆಣ್ಣೆ. ಹದಿನೈದು ವರ್ಷಗಳಿಂದ ಟಿ.ವಿ. ನೋಡುತ್ತಾ ತಲೆ ಆನಿಸಿದವರ ಗುರುತು ಅದು. ಎಡಗಡೆಯದು ಅಪ್ಪನದು. ಅವರು ಹೋಗಿ ನಾಲ್ಕು ವರ್ಷವಾದರೂ ಕಲೆ ಹೋಗಿಲ್ಲ. ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಟೇಪು ಹಿಡಿಯುತ್ತೀರಿ. ಕಲೆಗಳ ಮೇಲಂಚು ಮೂವತ್ತೊಂಬತ್ತು ಇಂಚು. ಹಾಗಾದರೆ ಕಟ್ಟಿನ ಕೆಳಅಂಚು ನಲವತ್ತಕ್ಕಿಂತ ಕೆಳಗೆ ಬರಕೂಡದು. ಬಂದರೆ ಯಾರಾದರೂ ಒರಗಿದಾಗ ತಲೆ ಬಡಿಯುತ್ತದೆ, ಎಣ್ಣೆ ಮೆತ್ತುತ್ತದೆ. ಸೋಫಾಕ್ಕೂ ಚಿತ್ರಕ್ಕೂ ನಡುವೆ ಆರಿಂಚು. ಒಂದಡಿಗಿಂತ ಹೆಚ್ಚು ಬಿಟ್ಟರೆ ಎರಡರ ಸಂಬಂಧ ಕಡಿದು ಚಿತ್ರ ಮೇಲಕ್ಕೆ ತೇಲಿಹೋಗುತ್ತದೆ.

“ಅಷ್ಟು ಕೆಳಗೆ ಎಂತಕ್ಕೆ?” ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ. “ನಮ್ಮ ಹಳೆ ಮನೆಯಲ್ಲಿ ಅಜ್ಜನ ಪಟ ಮಾಡಿನ ಹತ್ತಿರ ಇತ್ತು.”

ಇತ್ತು, ನಿಮಗೂ ನೆನಪಿದೆ. ಹಂಚಿನ ಮನೆಗಳ ಚಾವಡಿಯಲ್ಲಿ ಹಿರಿಯರ ಪಟಗಳು ಗೋಡೆಯ ತುದಿಯಲ್ಲಿ ಸಾಲಾಗಿ, ಮುಂದಕ್ಕೆ ಬಾಗಿ ನಮ್ಮನ್ನು ನೋಡುತ್ತಿದ್ದವು. ಅಲ್ಲಿ ಜನ ಚಾಪೆಯಲ್ಲಿ ಕೂರುತ್ತಿದ್ದರು, ಕತ್ತೆತ್ತಿದರೆ ಹಿರಿಯರು. ಬಾಗಿಸಿದ್ದರಿಂದ ಬಾಗಿಲ ಬೆಳಕು ಗಾಜಿಗೆ ಹೊಡೆಯುತ್ತಿರಲಿಲ್ಲ. ಹಿರಿಯರಿಗೆ ಆ ಎತ್ತರ ಸಲ್ಲುತ್ತದೆ. ಆದರೆ ಕಡಲ ದಂಡೆಯನ್ನು ಯಾರೂ ಕತ್ತೆತ್ತಿ ನೋಡುವುದಿಲ್ಲ.

ಕತ್ತಿನ ನೋವು ಹೇಗಿರುತ್ತದೆಂದು ನಿಮಗೆ ಹೊಸದಾಗಿ ಗೊತ್ತಾಗಿದೆ. ಕಳೆದ ವಾರವಷ್ಟೇ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಬೆಂಚಿನಲ್ಲಿ ಕುಳಿತಿದ್ದಿರಿ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಕೈಹಾಕಿದ ಕೆಲಸ ಅಲ್ಲಿ ಗೋಡೆ, ಕಮಾನು, ಚಾವಣಿ ಎಲ್ಲವನ್ನೂ ತುಂಬಿದೆ. ಹಸಿ ಗಾರೆಯ ಮೇಲೆ ಕೆಲವು, ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಕೆಲವು. ಅಷ್ಟೊಂದು ಚಿತ್ರಗಳಿದ್ದರೂ ಉಸಿರು ಕಟ್ಟುವುದಿಲ್ಲ. ನೀವು ಬೆಂಚಿನಿಂದ ಬೆಂಚಿಗೆ ಸರಿದು ನೋಡಿದಿರಿ: ಆಕೃತಿಗಳು ಕೆಳಗೆ ಕುಳಿತವನ ಕಣ್ಣಿಗೆ ಸಾಕಾಗುವಷ್ಟು ದೊಡ್ಡವಾಗಿವೆ, ಎಲ್ಲಿ ಕಮಾನು ತಿರುಗುತ್ತದೋ ಅಲ್ಲಿ ಚಿತ್ರವೂ ತಿರುಗುತ್ತದೆ. ಆತ ಆ ಕಟ್ಟಡದೊಳಗೇ ನಿಂತು, ಅದೇ ಗೋಡೆಗೆ ಬರೆದ. ಅಂಗಡಿಯಿಂದ ತರಲಿಲ್ಲ. ಹೊರಗೆ ಬಂದು ಕುತ್ತಿಗೆ ತಿಕ್ಕಿಕೊಳ್ಳುವಾಗ ನಿಮಗೆ ನಿಮ್ಮ ಹಾಲಿನ ನೆನಪಾಗಿತ್ತು.

ಏಳೂಕಾಲು. ಹಳೇ ಪೇಪರಿನ ಕಟ್ಟು ಬಿಚ್ಚುತ್ತೀರಿ. ಇದು ದುಡ್ಡಿಲ್ಲದ ಉಪಾಯ, ಆದರೆ ನನಗೆ ಗೊತ್ತಿರುವುದರಲ್ಲಿ ಇದಕ್ಕಿಂತ ನಂಬಿಕೆಯದ್ದು ಬೇರೆ ಇಲ್ಲ. ಹಾಳೆಗೆ ಹಾಳೆ ಅಂಟಿಸಿ, ಬೇಕಾದ ಅಳತೆಗೆ ಕತ್ತರಿಸಿ, ಗೋಡೆಗೆ ಹಚ್ಚಿ, ದೂರ ಹೋಗಿ ಕೂರಬೇಕು. ಟೇಪು ಬಣ್ಣ ಕಿತ್ತುಕೊಳ್ಳದಂತೆ ಪೇಂಟರುಗಳು ಬಳಸುವ ಕಾಗದದ ಟೇಪು ತಂದಿಟ್ಟಿದ್ದೀರಿ.

ಮೊದಲ ಪೇಪರ್, ಮೂರಡಿಗೆ ಎರಡಡಿ. ಹಚ್ಚುತ್ತೀರಿ. ಹಿಂದೆ ಹೆಜ್ಜೆ ಇಡುತ್ತೀರಿ, ಒಂದು, ಎರಡು, ಮೂರು. ಮೂರನೆಯದಕ್ಕೇ ಗೊತ್ತಾಗುತ್ತದೆ. ಸೋಫಾದ ಎರಡೂ ಬದಿ ಗೋಡೆ ಬಣಗುಟ್ಟುತ್ತದೆ. ಪಣಂಬೂರು ಬೀಚಿನಲ್ಲಿ ನಿಂತವರಿಗೆ ದೂರದಲ್ಲಿ ಲಂಗರು ಹಾಕಿದ ಹಡಗು ಹೆಬ್ಬೆರಳಿನಷ್ಟು ಕಾಣುತ್ತದಲ್ಲ, ಹಾಗೆ. ಹಡಗಿಗೆ ಆ ಬಯಲು ಒಪ್ಪುತ್ತದೆ. ಇಲ್ಲಿ ಒಪ್ಪುವುದಿಲ್ಲ.

ಕಿತ್ತು ತೆಗೆಯುತ್ತೀರಿ. ಆಸೆ ಈಗ ಇನ್ನೊಂದು ತುದಿಗೆ ಜಿಗಿಯುತ್ತದೆ. ಆರಡಿಗೆ ನಾಲ್ಕಡಿ! ಪೇಪರ್ ಜೋಡಿಸಿ ಜೋಡಿಸಿ ಮಂಡಿ ನೋಯುತ್ತದೆ. ಸ್ಟೂಲು ಹತ್ತುತ್ತೀರಿ, ಸ್ಟೂಲು ಅಲುಗುತ್ತದೆ, ಅಮ್ಮ ಕೆಳಗಿನಿಂದ “ಬೀಳುತ್ತಿ ಮಾರಾಯ” ಎನ್ನುತ್ತಾರೆ. ಹಚ್ಚಿ ಇಳಿಯುತ್ತೀರಿ. ಭವ್ಯ. ಹೌದು, ಬಾಗಿಲಿಂದ ನೋಡಿದರೆ ಭವ್ಯ. ಆದರೆ ಸೋಫಾಕ್ಕೆ ಹೋಗಿ ಅದರಡಿ ಕುಳಿತು ನೋಡಿ. ಕಟ್ಟು ಸೇರಿ ಐವತ್ತೆರಡು ಇಂಚು ಎತ್ತರ, ತುದಿ ಏಳೂಮುಕ್ಕಾಲು ಅಡಿ ಸಮೀಪ. ನಿಮಗರಿವಿಲ್ಲದೆ ಭುಜ ಕಿವಿಯ ಹತ್ತಿರಕ್ಕೆ ಬಂದಿದೆ, ಬೆನ್ನು ಮುಂದಕ್ಕೆ ಸರಿದಿದೆ. ತಲೆಯ ಹಿಂದೆ ಏನೋ ಬೀಳಲಿದೆ ಎಂದು ಮೈ ಹೇಳುತ್ತಿದೆ. ಮೈಯ ಮಾತು ಕೇಳಿ.

ಎಂಟೂಕಾಲು. ಮಾಸ್ಟ್ರು ಮಿಸ್ಡ್ ಕಾಲ್ ಕೊಟ್ಟಿದ್ದಾರೆ. ಕತ್ತರಿ ಹಿಡಿದ ಕೈ ಅವಸರ ಮಾಡುತ್ತದೆ. ಐವತ್ತೆಂಟಕ್ಕೆ ನಲವತ್ತು. ಕತ್ತರಿಸಿ. ಕೆಳಅಂಚು ನಲವತ್ತು ಇಂಚಿಗೆ. ಹಚ್ಚಿ. ನಡುಮಧ್ಯ ಎಷ್ಟಕ್ಕೆ ಬಂತು? ಅರವತ್ತು. ಗ್ಯಾಲರಿಗಳಲ್ಲಿ ನಿಂತು ನೋಡುವವರಿಗೆಂದು ಐವತ್ತೇಳರಿಂದ ಅರವತ್ತು ಇಂಚಿಗೆ ಚಿತ್ರದ ನಡುಭಾಗ ಇಡುತ್ತಾರೆ. ಮನೆಯಲ್ಲಿ ನಾವು ಕೂರುವುದೇ ಹೆಚ್ಚಾದ್ದರಿಂದ ಒಂದು ಹಿಡಿ ಕೆಳಗಿದ್ದರೆ ಇನ್ನೂ ಒಳ್ಳೆಯದಿತ್ತು, ಎಣ್ಣೆಯ ಕಲೆಗಳು ಬಿಡುವುದಿಲ್ಲ. ಇರಲಿ.

ಈಗ ಕುಳಿತುಕೊಳ್ಳಬೇಕಾದವರು ನೀವಲ್ಲ. ಅಮ್ಮನನ್ನು ಅವರ ಕುರ್ಚಿಯಲ್ಲಿ ಕೂರಿಸುತ್ತೀರಿ. ಗೋಡೆಯಿಂದ ಅಲ್ಲಿಗೆ ಹತ್ತಡಿ. ಚಿತ್ರದ ಮೂಲೆಯಿಂದ ಮೂಲೆಗೆ ಅಳತೆ ಎಷ್ಟೋ ಅದರ ಒಂದೂವರೆಯಿಂದ ಎರಡು ಪಟ್ಟು ದೂರದಲ್ಲಿ ಕೂತರೆ ಕಣ್ಣು ಅಲೆಯದೆ ಇಡೀ ಚಿತ್ರ ಸಿಗುತ್ತದೆ; ಇಲ್ಲಿ ಲೆಕ್ಕ ಹೆಚ್ಚುಕಡಿಮೆ ಕೂಡಿಬರುತ್ತದೆ. ಆದರೆ ಅಮ್ಮನ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಮಾರ್ಕರ್ ಪೆನ್ನಿನಿಂದ ಪೇಪರಿನ ಮೇಲೆ ದಪ್ಪಗೆ ದೋಣಿಗಳನ್ನು ಗೀಚುತ್ತೀರಿ, ಮಾಸ್ಟ್ರ ಪೆನ್ಸಿಲ್ ಚಿತ್ರದಲ್ಲಿ ಎಷ್ಟು ದೊಡ್ಡದಿತ್ತೋ ಅದೇ ಪ್ರಮಾಣದಲ್ಲಿ.

“ಎಷ್ಟು ದೋಣಿ ಅಮ್ಮ?”

ಮೌನ. ಫ್ಯಾನಿನ ಸದ್ದು. ಪೇಪರಿನ ಒಂದು ಮೂಲೆ ಗಾಳಿಗೆ ಪಟಪಟ ಎನ್ನುತ್ತದೆ. ಅಮ್ಮನ ತುಟಿ ಅಲುಗುತ್ತಿದೆ.

“ಏಳು. ಒಂದು ಓರೆ ಉಂಟು.”

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ನೀವು ಫೋನಿನಲ್ಲಿ ಹೇಳುತ್ತೀರಿ: “ಮಾಸ್ಟ್ರೇ, ಕ್ಯಾನ್ವಾಸ್ ಐವತ್ತನಾಲ್ಕಕ್ಕೆ ಮೂವತ್ತಾರು. ಕಟ್ಟು ಎರಡಿಂಚು.” ಗಾಜು ಬೇಕೇ ಎಂದು ಅವರು ಕೇಳುತ್ತಾರೆ. ಬೇಡ. ನಾಲ್ಕು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ಹತ್ತು ಕೆ.ಜಿ. ತೂಗುತ್ತದೆ, ಈ ಅಳತೆಗೆ ಗಾಜೇ ಹನ್ನೆರಡು ಕೆ.ಜಿ. ದಾಟುತ್ತದೆ. ಎಣ್ಣೆಬಣ್ಣಕ್ಕೆ ಗಾಜು ಬೇಕಾಗಿಯೂ ಇಲ್ಲ. ಇಷ್ಟು ಅಗಲಕ್ಕೆ ಹಿಂದೆ ಅಡ್ಡಪಟ್ಟಿ ಕೊಡುತ್ತೇನೆ, ಮಳೆಗಾಲದಲ್ಲಿ ಬಟ್ಟೆ ಸಡಿಲವಾದರೆ ಬಿಗಿ ಮಾಡಲು ಮೂಲೆಗಳಲ್ಲಿ ಬೆಣೆ ಇಡುತ್ತೇನೆ ಎನ್ನುತ್ತಾರೆ ಮಾಸ್ಟ್ರು. ಪೇಪರನ್ನು ಆ ರಾತ್ರಿ ಗೋಡೆಯಲ್ಲೇ ಬಿಡುತ್ತೀರಿ.

ಎರಡು ತಿಂಗಳು ಕಳೆದಿದೆ. ಚಿತ್ರ ಬಂದು ಸೋಫಾಕ್ಕೆ ಒರಗಿ ನಿಂತಿದೆ, ಅಗಸೆ ಎಣ್ಣೆಯ ವಾಸನೆ ಹಾಲಿನಲ್ಲಿ ತುಂಬಿದೆ. ಡ್ರಿಲ್ಲಿಂಗ್ ಮೆಷೀನು ನಿಮ್ಮ ಕೈಯಲ್ಲಿ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಗೋಡೆಯೊಳಗೆ ವಯರು ಹೋಗಿರುತ್ತದೆ, ಆ ಗೆರೆಯಿಂದ ದೂರ ಸರಿದಿದ್ದೀರಿ. ಹಾಲಿನ ಲೈನ್ ಆಫ್ ಮಾಡಿ ಅಡುಗೆಮನೆಯಿಂದ ವಯರು ಎಳೆದಿದ್ದೀರಿ. ಆದರೂ ಎದೆ ಹೊಡೆದುಕೊಳ್ಳುತ್ತಿದೆ. ಒತ್ತುತ್ತೀರಿ. ಕಿರ್ರೆಂದು ಹಲ್ಲು ಜುಮ್ಮೆನ್ನುವ ಸದ್ದು. ಮೊದಲು ಬಿಳಿ ಪುಡಿ, ಆಮೇಲೆ ಕೆಂಪು. ಮುರಕಲ್ಲು. ಇನ್ನೂ ಒತ್ತುತ್ತೀರಿ. ಥಟ್ಟನೆ ಮೆಷೀನು ಒಳಗೆ ಜಾರುತ್ತದೆ! ಕೈ ಗೋಡೆಗೆ ಬಡಿಯುತ್ತದೆ. ಮುರಕಲ್ಲಿನ ಹೊಟ್ಟೆಯಲ್ಲಿ ಪೊಟ್ಟು. ಪ್ಲಗ್ ಹಾಕಿದರೆ ಅದು ಸುಮ್ಮನೆ ಗರಗರ ತಿರುಗುತ್ತದೆ. ಇಲ್ಲಿ ತೂಗಿದರೆ ಬೀಳುತ್ತದೆ. ಯಾರ ತಲೆಯ ಮೇಲೆ?

ನಿಲ್ಲಿಸಿ. ಉಸಿರು ಬಿಡಿ. ಎರಡಿಂಚು ಪಕ್ಕಕ್ಕೆ ಸರಿದು, ಮೂರಿಂಚಿನ ಪ್ಲಗ್ ತೆಗೆದುಕೊಂಡು ಮತ್ತೆ ಕೊರೆಯುತ್ತೀರಿ. ಈ ಬಾರಿ ಕಲ್ಲು ಕೊನೆಯವರೆಗೆ ಗಟ್ಟಿಯಾಗಿ ಎದುರು ನಿಲ್ಲುತ್ತದೆ, ಮೊಣಕೈಯವರೆಗೆ ನಡುಕ ಏರುತ್ತದೆ. ರಸಮಟ್ಟ ಹಿಡಿದು ಎರಡನೆಯ ತೂತು. ಒಂದೇ ಮೊಳೆಗೆ ತೂಗಿದರೆ ಲಾರಿ ಹೋದಾಗಲೆಲ್ಲ ಇದು ಓರೆಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ, ತುಕ್ಕು ಬೇಡ. ಕಟ್ಟಿನ ಹಿಂದೆ ಕೆಳಮೂಲೆಗಳಿಗೆ ರಬ್ಬರಿನ ತುಂಡು ಅಂಟಿಸಿದ್ದೀರಿ. ಅರ್ಧ ಇಂಚು ಗಾಳಿ ಆಡದಿದ್ದರೆ ಜುಲೈಯಲ್ಲಿ ಹಿಂಬದಿಯೆಲ್ಲ ಬೂಷ್ಟು.

ಇಬ್ಬರು ಎತ್ತುತ್ತೀರಿ. ತಂತಿ ಸ್ಕ್ರೂವಿಗೆ ಸಿಕ್ಕಿದ ಸದ್ದು. ಕೈ ಬಿಡಲು ಧೈರ್ಯ ಸಾಲದು. ಒಂದೊಂದೇ ಬೆರಳು ಬಿಡುತ್ತೀರಿ. ನಿಂತಿತು.

ಅಮ್ಮ ಕುರ್ಚಿಯಿಂದ ಏಳುವುದಿಲ್ಲ. ಅಲ್ಲಿಂದಲೇ ಬೆರಳು ತೋರಿಸಿ ಒಂದು, ಎರಡು ಎಂದು ದೋಣಿ ಎಣಿಸುತ್ತಿದ್ದಾರೆ. ಓರೆಯಾಗಿರುವುದು ತಮ್ಮ ಅಣ್ಣನದ್ದು ಎನ್ನುತ್ತಾರೆ. ಅದನ್ನು ಅವರು ಮಾಸ್ಟ್ರಿಗೂ ಹೇಳಿರಲಿಲ್ಲ.

ನಿಮ್ಮ ಮನೆಯ ಗೋಡೆ ಬೇರೆ, ಸೋಫಾ ಬೇರೆ, ಕೂರುವವರೂ ಬೇರೆ. ಆದರೆ ಹಳೇ ಪೇಪರ್ ಎಲ್ಲರ ಮನೆಯಲ್ಲಿದೆ. ದುಡ್ಡು ಕೊಡುವ ಮೊದಲು ಅದನ್ನು ಹಚ್ಚಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಕಾಫಿ ಕುಡಿಯುತ್ತಾ ಇನ್ನೊಮ್ಮೆ ನೋಡಿ, ಆಮೇಲೆ ಅಳತೆ ಹೇಳಿ.