ಯಾವ ಅಂಜನಾದ್ರಿ?

ಕದರಮಂಡಲಗಿಯ ಹನುಮಪ್ಪ, ಕಾಂತೇಶನ ಗುಡಿಯ ಅಂಗಳದಲ್ಲೇ ಜಗಳ ಹತ್ತಿಕೊಂಡಿತು. ಜಗಳವೆಂದರೆ ಜಗಳವಲ್ಲ, ರಾಯದುರ್ಗದ ನಮ್ಮ ಪಕ್ಕದ ಮನೆಯ ರೆಡ್ಡಿಯವರು ಯಾರ ಮೇಲೂ ದನಿ ಏರಿಸುವವರಲ್ಲ. ಹಂಗಾಮಿನಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತರುತ್ತಾರೆ. ಈ ಸಲ ಕನ್ನಡ ಮಾತಾಡಲು ಜೊತೆಗಿರಲಿ ಎಂದು ನನ್ನನ್ನೂ ಹೊರಡಿಸಿದ್ದರು. ದಲಾಲಿ ಅಂಗಡಿಯವರೋ ನನಗಿಂತ ಸೊಗಸಾದ ತೆಲುಗು ಆಡಿ, ಚಹಾ ಕುಡಿಸಿ, ನನ್ನನ್ನು ಕೆಲಸವಿಲ್ಲದವನನ್ನಾಗಿ ಮಾಡಿಬಿಟ್ಟರು. ಬ್ಯಾಡಗಿಯಲ್ಲೇ ಹೀಗಾದರೆ!

ಸಂಜೆ ಗುಡಿಗೆ ಬಂದೆವು. ಕಾಂತೇಶನಿಗೆ ಕೈಮುಗಿದು ಹೊರಬಂದ ರೆಡ್ಡಿಯವರು, "ಈಯನ ಪುಟ್ಟಿಂದಿ ಮನ ಅಂಜನಾದ್ರಿಲೋನೇ" ಎಂದರು. ಗಾಡಿ ಹೊಡೆಯುವ ಹುಡುಗ ಇಲ್ಲಿಯವನೇ. "ಹೌದ್ರೀ, ಗಂಗಾವತಿ ಕಡೆ ಐತಲ್ರೀ" ಎಂದ. "ಕಾದು ಬಾಬೂ, ತಿರುಮಲ." ಹುಡುಗ ಇದನ್ನು ಚೇಷ್ಟೆಯೆಂದುಕೊಂಡು ನಕ್ಕ. ರೆಡ್ಡಿಯವರು ಹುಡುಗ ಪಾಪ ಓದಿಲ್ಲವೆಂದುಕೊಂಡು ನಕ್ಕರು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ಗಡಿಯವನ ಹಣೆಬರಹವೇ ಇದು: ಇಬ್ಬರ ಮಾತೂ ತಿಳಿಯುತ್ತದೆಂಬ ಒಂದೇ ತಪ್ಪಿಗೆ ಪಂಚಾಯ್ತಿಗೆ ಕೂರಬೇಕು.

ಹೆಸರು ಒಂದೇ ಇರುವುದು ಸುಳ್ಳಲ್ಲ. ತಿರುಮಲದ ಏಳು ಬೆಟ್ಟಗಳಲ್ಲಿ ಶೇಷಾದ್ರಿ, ಗರುಡಾದ್ರಿಗಳ ಜೊತೆ ಅಂಜನಾದ್ರಿಯೂ ಉಂಟು, ಬಹಳ ಹಿಂದಿನಿಂದಲೂ. ಆನೆಗೊಂದಿಯ ಹತ್ತಿರ, ತುಂಗಭದ್ರೆಯ ಆಚೆ ದಡದಲ್ಲಿ, ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಸುವ ನಮ್ಮ ಅಂಜನಾದ್ರಿಯೂ ಉಂಟು. ಎರಡೂ ತಮ್ಮ ಪಾಡಿಗೆ ತಾವಿದ್ದವು. 2021ರ ರಾಮನವಮಿಯ ದಿನ ತಿರುಪತಿ ದೇವಸ್ಥಾನದವರು ಪಂಡಿತರ ಸಮಿತಿಯ ವರದಿ ಹಿಡಿದು, ಹನುಮ ಹುಟ್ಟಿದ್ದು ತಿರುಮಲದಲ್ಲೇ ಎಂದು ಸಾರಿದರು. ಮರುತಿಂಗಳು ಕಿಷ್ಕಿಂಧೆಯ ಪರವಾಗಿ ಸ್ವಾಮಿಗಳೊಬ್ಬರು ತಿರುಪತಿಗೇ ಹೋಗಿ ವಾದಿಸಿದರು, ಇತ್ಯರ್ಥವಾಗಲಿಲ್ಲ. ಇದೇ ಹಾವೇರಿ ಜಿಲ್ಲೆಯ ಶಿಗ್ಗಾವಿಯಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು 2022ರ ಬಜೆಟ್ಟಿನಲ್ಲಿ ನಮ್ಮ ಬೆಟ್ಟಕ್ಕೆ 100 ಕೋಟಿ ರೂಪಾಯಿ ತೆಗೆದಿಟ್ಟರು. ಅಷ್ಟರಲ್ಲಿ ನಾಸಿಕದವರೂ ತಮ್ಮ ಅಂಜನೇರಿಯನ್ನು ಮುಂದೆ ತಂದರು. ಬಾಲಕ ಹನುಮ ಹಾರಿದ್ದು ಸೂರ್ಯನ ಕಡೆಗೆ ಮಾತ್ರವೆಂದು ನಾವು ತಿಳಿದಿದ್ದೆವು.

ನನ್ನ ಪಕ್ಷ ಯಾವುದೆಂದು ಬೇರೆ ಹೇಳಬೇಕೆ? ಪಂಪಾಸರೋವರ, ಋಷ್ಯಮೂಕ, ಮತಂಗ ಪರ್ವತ ಎಲ್ಲವೂ ಆನೆಗೊಂದಿಯ ಆ ಒಂದೇ ಸೀಮೆಯಲ್ಲಿವೆ. ಸುಗ್ರೀವನ ಮಂತ್ರಿ ಅಲ್ಲೇ ಹುಟ್ಟಿ ಅಲ್ಲೇ ನೌಕರಿ ಹಿಡಿದ ಎನ್ನುವುದು ನೇರವಾದ ಲೆಕ್ಕ. ಆದರೆ ನನ್ನನ್ನು ಕುಟುಕುವುದು ಜನ್ಮಸ್ಥಳದ ವಾದವಲ್ಲ. ರೆಡ್ಡಿಯವರು ನಮ್ಮ ಬೆಟ್ಟವನ್ನು ಅಲ್ಲಗಳೆಯಲಿಲ್ಲ. ಅಂಥದೊಂದು ಇದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ! ಅವರ ಹೊಲಕ್ಕೆ ಬರುವುದು ಹೊಸಪೇಟೆ ಅಣೆಕಟ್ಟೆಯ ಕಾಲುವೆ ನೀರು, ಬೆಳೆಯುವುದು ಬ್ಯಾಡಗಿ ತಳಿ, ಮಾರುವುದು ಬ್ಯಾಡಗಿಯಲ್ಲಿ. ಅಂಜನಾದ್ರಿ ಮಾತ್ರ ತಿರುಪತಿಯದು. ಅವರು ಬರಿದೇ "ಅಂಜನಾದ್ರಿ" ಎಂದರೆ ಸಾಕು. ನಾನು "ಆನೆಗೊಂದಿ ಅಂಜನಾದ್ರಿ" ಎನ್ನಬೇಕು. ಇತ್ತೀಚೆಗೆ ಮನೆಯಲ್ಲಿ ನಮ್ಮನಮ್ಮೊಳಗೂ ಹಾಗೇ ಹೇಳುತ್ತಿದ್ದೇವೆ ಎಂಬುದು ಅಂದು ಹೊಳೆದು ಹೊಟ್ಟೆ ಉರಿಯಿತು.

ಚಂದ್ರಗಿರಿಯದೂ ಇದೇ ಪಾಡು. ಶ್ರವಣಬೆಳಗೊಳದ ಚಿಕ್ಕಬೆಟ್ಟ ಚಂದ್ರಗಿರಿ, ಕಾಸರಗೋಡಿನಲ್ಲಿ ಹೊಳೆಯೂ ಕೋಟೆಯೂ ಚಂದ್ರಗಿರಿ. ನಮ್ಮೂರಿನಲ್ಲಿ ಚಂದ್ರಗಿರಿ ಎಂದರೆ ಮಾತ್ರ ತಿರುಪತಿ ಪಕ್ಕದ ಕೋಟೆ, ಮುಗಿಯಿತು.

ರೆಡ್ಡಿಯವರ ಒಳ್ಳೆಯತನವನ್ನೂ ಹೇಳಿಬಿಡಬೇಕು. ಕದರಮಂಡಲಗಿ ಕಾಂತೇಶ, ಸಾತೇನಹಳ್ಳಿ ಶಾಂತೇಶ, ಶಿಕಾರಿಪುರದ ಭ್ರಾಂತೇಶ — ಮೂವರನ್ನೂ ಒಂದೇ ದಿನ ನೋಡಿದರೆ ಪುಣ್ಯವೆಂದು ಈ ಕಡೆಯ ನಂಬಿಕೆ. ಹುಡುಗ ಅದನ್ನು ಹೇಳಿದ್ದೇ ತಡ, ಊರಿಗೆ ಮರಳುವುದನ್ನು ಮುಂದೂಡಿ ಬ್ಯಾಡಗಿಯಲ್ಲೇ ತಂಗಿದರು. ಬೆಳಿಗ್ಗೆ ಕಾಂತೇಶನಿಂದ ಮತ್ತೆ ಶುರುಮಾಡಿ ಮೂರೂ ಗುಡಿ ಸುತ್ತಿಸಿದರು, ಡೀಸೆಲ್ಲಿಗೆ ನನ್ನಿಂದ ಒಂದು ಪೈಸೆ ಮುಟ್ಟಲಿಲ್ಲ. ಮೆಣಸಿನಕಾಯಿಗೆ ಬಂದ ದರ ನೋಡಿದರೆ ಅಷ್ಟು ಧಾರಾಳವಾಗಿ ಇರಬೇಕಿರಲಿಲ್ಲ.

ದಾರಿಯಲ್ಲಿ ನಾನು ಕಿಷ್ಕಿಂಧೆಯ ಪುರಾಣವನ್ನೆಲ್ಲ ಒಪ್ಪಿಸಿದೆ. ಮುಂದಿನ ಶ್ರಾವಣದಲ್ಲಿ ನಿಮ್ಮ ಬೆಟ್ಟವನ್ನೂ ಹತ್ತೋಣ ಎಂದರು. ಊರು ಸೇರುವಷ್ಟರಲ್ಲಿ ಫೋನಿನಲ್ಲೇ ಸುದ್ದಿ ಹರಡಿತ್ತು. ಅವರ ಮನೆಯಾಕೆ ಓಣಿಗೆಲ್ಲ "ಕನ್ನಡಂ ಅಂಜನಾದ್ರಿಕಿ ವೆಳ್ತುನ್ನಾಂ" ಎಂದು ಸಾರಿಯಾಗಿತ್ತು. ಹಾಗಾದರೆ ತಿರುಮಲದ್ದನ್ನು ತೆಲುಗು ಅಂಜನಾದ್ರಿ ಅನ್ನಬಾರದೇಕಮ್ಮಾ ಎಂದು ಕೇಳಿದೆ. ಆಕೆಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ದಾನಿಕೆಂದುಕು ಮಾಸ್ಟಾರೂ?"