ಜಗಲಿಗೆ ಬಾಗಿಲು ಹುಡುಕುತ್ತಾ ಬೇಲೂರಿಗೆ

ಹಾಸನದಲ್ಲಿರೋ ನಮ್ಮ ಮನೆಗೆ ಒಂದು ಜಗಲಿ ಇದೆ. ಹತ್ತಡಿ ಉದ್ದ, ಆರಡಿ ಅಗಲ, ರೆಡ್ ಆಕ್ಸೈಡ್ ನೆಲ. ಒಳಗೆ ಹಾಲ್ ಇದೆ, ಸೋಫಾ ಇದೆ, ಟಿವಿ ಇದೆ. ಆದರೂ ಅಪ್ಪ ಪೇಪರ್ ಓದೋದು, ಅಮ್ಮ ಸೊಪ್ಪು ಬಿಡಿಸೋದು, ಪಕ್ಕದ ಮನೆ ಆಂಟಿ ಬಂದು ಕೂರೋದು ಎಲ್ಲಾ ಜಗಲಿಯಲ್ಲೇ. ಅವರೆಕಾಯಿ ಕಾಲದಲ್ಲಂತೂ ಅದು ಜಗಲಿಯಲ್ಲ, ಫ್ಯಾಕ್ಟರಿ.

ಹೋದ ವರ್ಷ ದೀಪಾವಳಿ ಆದಮೇಲೆ ನಮ್ಮ ಹಿಂದಿನ ಬೀದಿಯ ಒಂದು ಮನೆಯಲ್ಲಿ ಕಳ್ಳತನ ಆಯ್ತು. ಮಾರನೇ ದಿನವೇ ನಾನು ಬೆಂಗಳೂರಿನಿಂದ ಫೋನ್ ಮಾಡಿ, “ಜಗಲಿಗೆ ಸೇಫ್ಟಿ ಡೋರ್ ಹಾಕಿಸಿಬಿಡೋಣ” ಅಂದೆ. ಆಫೀಸಿನ ಲಂಚ್ ಬ್ರೇಕ್‌ನಲ್ಲಿ ನಲವತ್ತು ಡಿಸೈನ್ ಹುಡುಕಿ ವಾಟ್ಸಾಪ್ ಮಾಡಿದೆ. ನವಿಲು, ಬಳ್ಳಿ, ಕಮಲ, ಒಂದರಲ್ಲಂತೂ ಆಲದ ಮರವೇ ಇತ್ತು.

ಅಮ್ಮನ ಉತ್ತರ: “ಚೆನ್ನಾಗಿವೆ ಕಣೋ. ಆದ್ರೆ ಇದರ ಹಿಂದೆ ಕೂತ್ರೆ ನಾನು ಮೈಸೂರು ಝೂನಲ್ಲಿರೋ ಥರ ಕಾಣ್ತೀನಿ.”

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಅವತ್ತು ರಾತ್ರಿ ಈ ಬಾಗಿಲು ಇದ್ದಿದ್ರೆ?”

ಅವತ್ತು ರಾತ್ರಿ ಅಂದ್ರೆ ಎರಡು ವರ್ಷದ ಹಿಂದಿನ ಮಾತು. ಸುಮಾರು ಎರಡು ಗಂಟೆಗೆ ಅಪ್ಪನಿಗೆ ಎದೆನೋವು ಬಂತು. ಅಮ್ಮ ಮೊದಲು ಫೋನ್ ಮಾಡಿದ್ದು ನನಗಲ್ಲ, ಪಕ್ಕದ ಮನೆಗೆ. ಆಂಟಿಯ ಮಗ ಕಾಂಪೌಂಡ್ ಹಾರಿ ಜಗಲಿಗೆ ಬಂದು, ಅಪ್ಪನನ್ನು ಹಿಡಿದುಕೊಂಡು ಕಾರಿಗೆ ಕೂರಿಸಿದ. ನಾನು ಬೆಂಗಳೂರಿನಿಂದ ಬರೋ ಹೊತ್ತಿಗೆ ಬೆಳಗಾಗಿತ್ತು, ಅಪ್ಪ ಅಪಾಯದಿಂದ ಪಾರಾಗಿದ್ದರು. ಆ ರಾತ್ರಿ ಅಮ್ಮನ ಕೈ ಎಷ್ಟು ನಡುಗುತ್ತಿತ್ತು ಅಂದ್ರೆ, ದಿನಾ ತೆಗೆಯೋ ಮುಂಬಾಗಿಲ ಚಿಲಕವೇ ಸಿಗಲಿಲ್ಲವಂತೆ. ಇನ್ನು ಹೊರಗೊಂದು ಕಬ್ಬಿಣದ ಬಾಗಿಲು, ಅದಕ್ಕೊಂದು ಬೀಗ, ಆ ಬೀಗದ ಕೀ ಎಲ್ಲೋ ಫ್ರಿಜ್ ಮೇಲೆ ಅಂದುಕೊಳ್ಳಿ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಶನಿವಾರ ಊರಿಗೆ ಹೋದೆ.

ಅಪ್ಪನನ್ನು ಕರೆದುಕೊಂಡು ಮೊದಲು ಹೋಗಿದ್ದು ಊರಾಚೆಯ ವೆಲ್ಡಿಂಗ್ ಅಂಗಡಿಗೆ. ಇಂಟರ್ನೆಟ್ಟಿನಲ್ಲಿ ವಾರವಿಡೀ ಓದಿದ್ದಕ್ಕಿಂತ ಜಾಸ್ತಿ ಅಲ್ಲಿ ಅರ್ಧ ಗಂಟೆಯಲ್ಲಿ ಕಲಿತೆ. ನನ್ನ ನವಿಲು ನೋಡಿ ಅಂಗಡಿಯವರು ನಕ್ಕರು. “ಸಾರ್, ಫೋಟೋದಲ್ಲಿ ಚೆಂದ. ಆದ್ರೆ ಈ ಕೊಕ್ಕು ಅಮ್ಮಾವ್ರ ಸೆರಗಿಗೆ ದಿನಾ ಸಿಕ್ಕಿಹಾಕ್ಕೊಳ್ಳುತ್ತೆ. ಧೂಳು ಒರೆಸೋರು ಯಾರು?”

ಲೇಸರ್ ಕಟಿಂಗ್ ಡಿಸೈನ್ ಬೇಕಾದ್ರೆ ಶೀಟ್ ಎಷ್ಟು ದಪ್ಪ ಅಂತ ಮೊದಲು ಕೇಳಬೇಕಂತೆ. ತೆಳು ಶೀಟ್ ಆದ್ರೆ ರಾಡ್ ಹಾಕಿ ಮೀಟಿದರೆ ಬಗ್ಗುತ್ತೆ, ಹಿಂದೆ ಗಟ್ಟಿ ಫ್ರೇಮ್ ಇರಲೇಬೇಕು. ರೇಟು ಕೆಜಿ ಲೆಕ್ಕವೋ ಚದರಡಿ ಲೆಕ್ಕವೋ ಅಂತಲೂ ಕೇಳಿ. ಕೆಜಿ ಲೆಕ್ಕದಲ್ಲಿ ಭಾರ ಹೆಚ್ಚಿದಷ್ಟೂ ಅಂಗಡಿಗೆ ಲಾಭ, ಚದರಡಿ ಲೆಕ್ಕದಲ್ಲಿ ಕಬ್ಬಿಣ ತೆಳುವಾದಷ್ಟೂ ಲಾಭ. ಹೊರಗೆ ತೆರೆಯೋ ಬಾಗಿಲಾದ್ರೆ ಹಿಂಜಿನ ಪಿನ್ ಬೀದಿ ಕಡೆ ಇರುತ್ತೆ, ಅದನ್ನು ಕಿತ್ತು ತೆಗೆಯೋಕೆ ಆಗದ ಹಾಗೆ ಮಾಡಿಸಬೇಕು. ಅಡ್ಡ ಪಟ್ಟಿಗಳ ಡಿಸೈನ್ ಮಕ್ಕಳಿಗೆ ಏಣಿ ಇದ್ದ ಹಾಗೆ. ಉದ್ದ ಸರಳುಗಳ ನಡುವಿನ ಸಂದಿ ನಾಲ್ಕು ಇಂಚಿಗಿಂತ ಕಡಿಮೆ ಇರಲಿ, ಮಗುವಿನ ತಲೆ ತೂರಬಾರದು. ಪೌಡರ್ ಕೋಟಿಂಗ್ ಆದಮೇಲೆ ವೆಲ್ಡಿಂಗ್ ಮಾಡಿದರೆ ಬಣ್ಣ ಸುಟ್ಟು, ಅಲ್ಲಿಂದಲೇ ತುಕ್ಕು ಶುರು. ಹಾಗಾಗಿ ಎಲ್ಲಾ ವೆಲ್ಡಿಂಗ್ ಮುಗಿಸಿ, ಅಳತೆ ಕೂರಿಸಿ ನೋಡಿ, ಆಮೇಲೆ ಬಣ್ಣ.

ಎಲ್ಲಾ ಬರೆದುಕೊಂಡೆ. ಅಪ್ಪನ ಪ್ರಶ್ನೆ ಮಾತ್ರ ಹಾಗೇ ಇತ್ತು.

ಭಾನುವಾರ ಅಮ್ಮ, “ಬಾಗಿಲು ಬಾಗಿಲು ಅಂತ ತಲೆ ತಿನ್ನಬೇಡ, ಬೇಲೂರಿಗಾದ್ರೂ ಹೋಗಿಬರೋಣ ನಡಿ” ಅಂದಳು. ಹಾಸನದಿಂದ ನಲವತ್ತು ಕಿಲೋಮೀಟರ್ ಹತ್ತಿರ, ಗಂಟೆಯ ದಾರಿ. ಚಿಕ್ಕಂದಿನಿಂದ ನೆಂಟರು ಬಂದಾಗೆಲ್ಲಾ ಹೋಗಿದ್ದೀವಿ. ಪ್ರತಿ ಸಲವೂ ಕತ್ತೆತ್ತಿ ಮದನಿಕೆಯರನ್ನು ನೋಡಿ, ಪ್ರಸಾದ ತಿಂದು ವಾಪಸ್. ಈ ಸಲ ತಲೆಯಲ್ಲಿ ಬಾಗಿಲೇ ಇದ್ದಿದ್ದಕ್ಕೋ ಏನೋ, ಕಣ್ಣು ಬಿದ್ದಿದ್ದು ಗೋಡೆಯ ಜಾಲಂಧ್ರಗಳ ಮೇಲೆ.

ಜಾಲಂಧ್ರ ಅಂದ್ರೆ ತೂತು ಕೊರೆದ ಕಲ್ಲಿನ ಪರದೆ. ಚೆನ್ನಕೇಶವ ದೇವಸ್ಥಾನದ ಪ್ರತಿಷ್ಠೆ ಆಗಿದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಆಗ ಆ ನವರಂಗ ತೆರೆದ ಮಂಟಪವಾಗಿತ್ತು, ಅಂದ್ರೆ ಒಂದು ರೀತಿ ದೊಡ್ಡ ಜಗಲಿಯೇ! ಕಂಬಗಳ ನಡುವೆ ಈ ಕಲ್ಲಿನ ಪರದೆಗಳು ಬಂದಿದ್ದು ಆಮೇಲೆ, ಅವನ ಮೊಮ್ಮಗ ಎರಡನೇ ವೀರಬಲ್ಲಾಳನ ಕಾಲದಲ್ಲಿ. ಕೆಲವು ಪರದೆಗಳಲ್ಲಿ ನಕ್ಷತ್ರದಂಥ ಸರಳ ತೂತುಗಳು, ಕೆಲವಲ್ಲಿ ಪುರಾಣದ ಕಥೆ, ಒಂದರಲ್ಲಿ ರಾಜನ ದರ್ಬಾರು. ತಾತ ಬಯಲಾಗಿ ಬಿಟ್ಟಿದ್ದನ್ನು ಮೊಮ್ಮಗ ಮುಚ್ಚಿಸಿದ. ನಮ್ಮ ಮನೆಯ ಜಗಳ ಎಂಟುನೂರು ವರ್ಷ ಹಳೇದು ಅಂತ ನಗು ಬಂತು.

ಒಳಗೆ ಹೋಗಿ ನಿಂತೆ. ಕತ್ತಲೆ, ತಂಪು. ಜಾಲಂಧ್ರದ ತೂತುಗಳಿಂದ ಬೆಳಕು ತುಂಡು ತುಂಡಾಗಿ ನೆಲದ ಮೇಲೆ ಬಿದ್ದಿತ್ತು. ಹೊರಗಿನ ಅಂಗಳ, ಓಡಾಡೋ ಜನ ಚೂರು ಚೂರಾಗಿ ಕಾಣುತ್ತಿದ್ದರು. ಹೊರಗೆ ಬಂದು ಅದೇ ತೂತಿನಲ್ಲಿ ನೋಡಿದರೆ ಒಳಗೆ ಬರೀ ಕಪ್ಪು. ಇದರಲ್ಲಿ ಮ್ಯಾಜಿಕ್ ಏನಿಲ್ಲ, ಕತ್ತಲಿರೋ ಕಡೆಯಿಂದ ಬೆಳಕಿರೋ ಕಡೆ ಕಾಣುತ್ತೆ ಅಷ್ಟೇ. ಜಗಲಿಗೂ ಇದೇ ಲೆಕ್ಕ. ಹಗಲಲ್ಲಿ ಒಳಗೆ ಕೂತ ಅಮ್ಮನಿಗೆ ಬೀದಿ ಕಾಣುತ್ತೆ, ಬೀದಿಯವರಿಗೆ ಅಮ್ಮ ಅಷ್ಟು ಸ್ಪಷ್ಟವಾಗಿ ಕಾಣಲ್ಲ. ರಾತ್ರಿ ಲೈಟ್ ಹಾಕಿದರೆ ಉಲ್ಟಾ. ಅದಕ್ಕೇ ಗೇಟಿನ ಹತ್ತಿರದ ಲೈಟ್ ಜಗಲಿಯ ಲೈಟಿಗಿಂತ ಜೋರಾಗಿರಬೇಕು.

ಅಪ್ಪ ಆಗಲೇ ಸುಸ್ತಾಗಿ ಕಂಬಕ್ಕೆ ಒರಗಿ ಕೂತಿದ್ದರು. ಹತ್ತಿರ ಹೋದಾಗ ಅಂದರು: “ಇಷ್ಟೆಲ್ಲಾ ಮುಚ್ಚಿದ್ರೂ, ಬರೋ ಬಾಗಿಲು ಯಾವುದು ಅಂತ ಭಕ್ತರಿಗೆ ಗೊತ್ತು ನೋಡು.”

ನನಗೆ ಬೇಕಾಗಿದ್ದ ಮಾತು ಅದೇ. ವಾರವಿಡೀ ನಾನು ಯಾರು ಬರಬಾರದು ಅಂತಷ್ಟೇ ಯೋಚಿಸಿದ್ದೆ. ಯಾರು ಬರಲೇಬೇಕು ಅಂತ ಯೋಚಿಸಿರಲಿಲ್ಲ.

ಸೋಮವಾರ ಬೆಳಿಗ್ಗೆ ವೆಲ್ಡಿಂಗ್ ಅಂಗಡಿಗೆ ಮತ್ತೆ ಹೋದ್ವಿ. ಕೊನೆಗೆ ಆಗಿದ್ದು ಇದು: ಗಟ್ಟಿ ಕಬ್ಬಿಣದ ಫ್ರೇಮ್, ಉದ್ದ ಸರಳುಗಳು, ಮಧ್ಯೆ ನಕ್ಷತ್ರದ ಸರಳ ಡಿಸೈನ್. ಕೂತವರ ಕಣ್ಣಿನ ಮಟ್ಟದಲ್ಲಿ ನಕ್ಷತ್ರ ಸ್ವಲ್ಪ ದೊಡ್ಡದು, ಕೆಳಗೆ ಒತ್ತಾಗಿ. ಒಳಗಿನಿಂದ ಕೀ ಇಲ್ಲದೆ ಬರೀ ತಿರುಪಿದರೆ ತೆರೆಯೋ ಲಾಕ್. ಹೊರಗಿನಿಂದ ಸಂದಿಯಲ್ಲಿ ಕೈ ಹಾಕಿ ಅದನ್ನೇ ತಿರುಪಬಾರದಲ್ಲ, ಅದಕ್ಕೆ ಲಾಕಿನ ಸುತ್ತ ಒಂದು ಮೊಳದಷ್ಟು ತೂತಿಲ್ಲದ ಪ್ಲೇಟ್. ಹಾಲು, ಸೊಪ್ಪು ತಗೊಳ್ಳೋಕೆ ಒಂದು ಸಣ್ಣ ಕಿಂಡಿ, ಅದಕ್ಕೆ ಒಳಗಡೆ ಚಿಲಕ. ಅದು ಲಾಕಿನಿಂದ ಕೈಗೆಟುಕದಷ್ಟು ದೂರ. ಬಾಗಿಲ ಅಡಿ ನೆಲದಿಂದ ಅರ್ಧ ಇಂಚು ಮೇಲೆ, ಮಳೆನೀರು ನಿಂತು ತುಕ್ಕು ಹಿಡಿಯದ ಹಾಗೆ. ಹೊರಗಿನ ಕೀ ಮೂರು: ಒಂದು ಅಮ್ಮನ ಹತ್ತಿರ, ಒಂದು ನನ್ನ ಹತ್ತಿರ, ಒಂದು ಪಕ್ಕದ ಮನೆ ಆಂಟಿ ಹತ್ತಿರ.

ಬಾಗಿಲು ಕೂರಿಸಿದ ದಿನ ಲೈಟ್ ಆರಿಸಿ, ಬೀಗ ಹಾಕಿ, “ಕಣ್ಣು ಮುಚ್ಕೊಂಡು ತೆಗಿ ನೋಡೋಣ” ಅಂದೆ ಅಮ್ಮನಿಗೆ. ಮೊದಲ ಸಲ ತಡಕಾಡಿದಳು. ಮೂರನೇ ಸಲಕ್ಕೆ ಸಲೀಸಾಗಿ ತೆಗೆದಳು. ನೀವೂ ಊರಿನ ಮನೆಗೆ ಇಂಥ ಬಾಗಿಲು ಹಾಕಿಸಿದ್ದರೆ ಈ ಸಲ ಹೋದಾಗ ಅಪ್ಪ ಅಮ್ಮನ ಕೈಲಿ ಹೀಗೆ ಒಮ್ಮೆ ತೆಗೆಸಿ ನೋಡಿ. ಡಿಸೈನ್ ಆಮೇಲೆ.

ಅಮ್ಮ ಈಗ ಬೆಳಿಗ್ಗೆ ಆರಕ್ಕೆ ಬಾಗಿಲು ಪೂರ್ತಿ ತೆಗೆದು, ಹೊಸ್ತಿಲ ಮುಂದೆ ರಂಗೋಲಿ ಹಾಕಿ, ಸಂಜೆವರೆಗೂ ತೆಗೆದೇ ಇಟ್ಟಿರುತ್ತಾಳೆ. “ಮತ್ಯಾಕಮ್ಮ ಅಷ್ಟು ದುಡ್ಡು ಕೊಟ್ಟು ಹಾಕಿಸಿದ್ದು?” ಅಂದ್ರೆ, “ರಾತ್ರಿಗೆ” ಅಂತಾಳೆ. ಮಧ್ಯಾಹ್ನ ಬಿಸಿಲು ಓರೆಯಾದಾಗ ಕೆಂಪು ನೆಲದ ಮೇಲೆ ಸಾಲಾಗಿ ನಕ್ಷತ್ರ ಬೀಳುತ್ತಂತೆ. ಮೊನ್ನೆ ಅದರ ಫೋಟೋ ಕಳಿಸಿದ್ದಳು. ಮೂಲೆಯಲ್ಲಿ ಅವರೆಕಾಯಿ ರಾಶಿ, ಆಂಟಿಯ ಚಪ್ಪಲಿ.