ಕೊನೇ ಲಾಂಚ್ ಎಷ್ಟು ಗಂಟೆಗೆ?

ಎಲ್ಲಿಗಾದ್ರೂ ಸಂಗೀತ ಕೇಳೋಕೆ ಹೋಗೋಣ ಅಂದ್ರೆ ನಾವು ಮೊದಲು ಕೇಳೋದು "ಟಿಕೆಟ್ ಎಷ್ಟು?" ಅಂತ. 2025ರ ಫೆಬ್ರವರಿಯಲ್ಲಿ ನಾವು ಆರು ಜನ ಹೋಗ್ಬೇಕು ಅಂದ್ಕೊಂಡ ಸಂಗೀತಕ್ಕೆ ಟಿಕೆಟ್ಟೇ ಇರಲಿಲ್ಲ. ಅಲ್ಲಿಗೆ ಹೋಗೋರು ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು: ಕೊನೇ ಲಾಂಚ್ ಎಷ್ಟು ಗಂಟೆಗೆ?

ಲಾಂಚ್ ಅಂದ ತಕ್ಷಣ ನಮ್ಮಂಥವರಿಗೆ ರಾಕೆಟ್ಟೋ ಹೊಸ ಫೋನೋ ನೆನಪಾಗುತ್ತೆ. ಸಾಗರದ ಕಡೆಯವರಿಗೆ ಅದು ಶರಾವತಿಯ ಹಿನ್ನೀರಿನ ಮೇಲೆ ಜನ, ಬೈಕು, ಕಾರು, ಬಸ್ಸು ಎಲ್ಲವನ್ನೂ ಹೊತ್ತುಕೊಂಡು ಆಚೆ ದಡಕ್ಕೆ ದಾಟಿಸುವ ದೋಣಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ತುಮರಿ ಸುತ್ತಮುತ್ತಲಿನ ಹಳ್ಳಿಗಳು ತಮ್ಮದೇ ತಾಲ್ಲೂಕು ಕೇಂದ್ರದಿಂದ ದೂರವಾಗಿಬಿಟ್ಟವು. ಆ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವ್ಯಾಟ್ ವಿದ್ಯುತ್ ತಯಾರಿಸಬಹುದು ಅನ್ನೋದು ಎಲೆಕ್ಟ್ರಿಕಲ್ ಬ್ರಾಂಚಿನವರಿಗೆ ಗೊತ್ತಿರುತ್ತೆ. ಆ ನೀರಿನ ಆಚೆ ಇರೋರು ಪೇಟೆಗೆ ಹೇಗೆ ಬರ್ತಾರೆ ಅಂತ ನಮ್ಮಲ್ಲಿ ಯಾರೂ ಯಾವತ್ತೂ ಯೋಚನೆ ಮಾಡಿರಲಿಲ್ಲ.

ನಮ್ಮ ಗುಂಪಿನ ಸಿವಿಲ್ ಹುಡುಗನ ದೊಡ್ಡಪ್ಪನ ಮನೆ ಇರೋದು ಅಲ್ಲೇ, ತುಮರಿಯಿಂದ ಇನ್ನಷ್ಟು ಒಳಗೆ. ಪ್ರತಿ ವರ್ಷ ಅಡಿಕೆ ಕೊಯ್ಲು ಮುಗಿದ ಮೇಲೆ ಅವರ ಮನೆಯಲ್ಲಿ ಅಹೋರಾತ್ರಿ ಹಿಂದೂಸ್ತಾನಿ ಸಂಗೀತ ನಡೆಯುತ್ತೆ. ಧಾರವಾಡದ ಕಡೆಯಿಂದ ಗಾಯಕರು ಬರ್ತಾರೆ. ಸಂಜೆ ಶುರುವಾದರೆ ಮುಗಿಯೋದು ಮರುದಿನ ಬೆಳಿಗ್ಗೆ. ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಕುಣಿದವಳು ನಮ್ಮ ಇಸಿ ಬ್ರಾಂಚಿನ ಗೆಳತಿ. ಎಂಟನೇ ವಯಸ್ಸಿನಿಂದ ಹಾಡು ಕಲಿಯುತ್ತಿರುವವಳು ಅವಳೊಬ್ಬಳೇ. ನಾವು ಉಳಿದವರು ಇಯರ್‌ಫೋನಿನ ಶ್ರೋತೃಗಳು.

ಅವಳು ನಮಗೊಂದು ವಿಷಯ ಬಿಡಿಸಿ ಹೇಳಿದಳು. ಹಿಂದೂಸ್ತಾನಿಯಲ್ಲಿ ರಾಗಗಳಿಗೂ ಟೈಮ್‌ಟೇಬಲ್ ಇದೆ. ಸೂರ್ಯ ಮುಳುಗೋ ಹೊತ್ತಿಗೆ ಮಾರ್ವಾ, ಪೂರಿಯಾ. ರಾತ್ರಿಯ ಮೊದಲ ಭಾಗಕ್ಕೆ ಯಮನ್. ರಾತ್ರಿ ಬೆಳೆದ ಹಾಗೆ ಬಾಗೇಶ್ರೀ, ಆಮೇಲೆ ಮಾಲ್ಕೌಂಸ್. ಬೆಳಗಿನ ಜಾವಕ್ಕೆ ಲಲಿತ್, ಬೆಳಕು ಹರಿಯುವಾಗ ಭೈರವ್. "ಬೆಂಗಳೂರಲ್ಲಿ ಎಷ್ಟೋ ಕಾರ್ಯಕ್ರಮ ಕೇಳಿದೀನಿ. ಲಲಿತ್ ಅದರ ಹೊತ್ತಿಗೆ ಒಂದ್ ಸಲನೂ ಕೇಳಿಲ್ಲ ಕಣ್ರೋ" ಅಂದಳು. ಕಾರಣ ನಮಗೇ ಗೊತ್ತು. ಇಲ್ಲಿ ಸಂಜೆ ಆರಕ್ಕೆ ಶುರುವಾದದ್ದು ಒಂಬತ್ತೂವರೆಗೆ ಮುಗಿಯಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ ಅಂತ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲೇ ಇದೆ. ಸಭಾಂಗಣದ ಒಳಗೇ ಆದ್ರೂ ಕೇಳೋಕೆ ಬಂದವರ ಕಣ್ಣು ಕೊನೇ ಮೆಟ್ರೋ ಮೇಲಿರುತ್ತೆ.

ಸರಿ, ಪ್ಲಾನಿಂಗ್ ಶುರು ಮಾಡಿದೆವು. ಎಂಜಿನಿಯರಿಂಗ್ ಹುಡುಗರು ಅಂದ್ಮೇಲೆ ಒಂದು ಎಕ್ಸೆಲ್ ಶೀಟ್ ಆಗಲೇಬೇಕು. ನಾವು ಬೆಂಗಳೂರಿಂದ ಮುಂದಕ್ಕೆ ಲೆಕ್ಕ ಹಾಕ್ತಾ ಹೋದರೆ, ಸಿವಿಲ್ ಗೆಳೆಯ ಅದನ್ನ ಅಳಿಸಿ ತಿರುಗಿಸಿದ. "ಲಾಂಚಿಂದ ಹಿಂದಕ್ಕೆ ಬನ್ನಿ" ಅಂದ. ದೊಡ್ಡಪ್ಪನಿಗೆ ಫೋನ್ ಹಚ್ಚಿದ. ಅವರು ಹೇಳಿದ್ದು ಇಷ್ಟೇ: "ಕೊನೇದು ಸಂಜೆ ಆರಕ್ಕೆ ಅಂದ್ಕೊಳ್ಳಿ. ಆದ್ರೆ ಆರಕ್ಕೆ ಬರೋ ಹಾಗೆ ಹೊರಡಬೇಡಿ ಮಾರಾಯ್ರೆ, ಮಧ್ಯಾಹ್ನದ ಊಟಕ್ಕೇ ಬಂದುಬಿಡಿ."

ಆ ಒಂದು ಸಾಲು ಇಡೀ ಶೀಟನ್ನು ಬರೆದುಬಿಟ್ಟಿತು. ರೈಲು ತಪ್ಪಿದ್ರೆ ಬಸ್ಸಿದೆ, ಬಸ್ಸು ತಪ್ಪಿದ್ರೆ ಇನ್ನೊಂದು ಬಸ್ಸಿದೆ. ಲಾಂಚ್ ತಪ್ಪಿದ್ರೆ ಮುಂದಿನದು ಮರುದಿನ ಬೆಳಿಗ್ಗೆ. ಸುತ್ತಿಕೊಂಡು ಹೋಗೋ ರಸ್ತೆ ಇದೆ, ಆದ್ರೆ ಅದು ಕಾಡಿನ ದಾರಿಯಲ್ಲಿ ಗಂಟೆಗಟ್ಟಲೆ ಪ್ರಯಾಣ, ಸ್ವಂತ ಗಾಡಿ ಬೇಕು. ಹಾಗಾಗಿ ಶನಿವಾರ ಬೆಳಿಗ್ಗೆ ಬೆಂಗಳೂರು ಬಿಡೋ ಯೋಚನೆ ಅಲ್ಲೇ ಬಿತ್ತು. ಶುಕ್ರವಾರ ರಾತ್ರಿಯ ರೈಲೇ ಗತಿ.

ಮೈಸೂರಿನಿಂದ ಬೆಂಗಳೂರು ಮೇಲೆ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಒಂದಿದೆ. ಬೆಂಗಳೂರು ಬಿಡೋದು ಹನ್ನೊಂದರ ಸುಮಾರಿಗೆ, ಬೆಳಗಾಗುವಾಗ ಸಾಗರ. ಬುಕ್ ಮಾಡೋರಿಗೆ ಒಂದು ಮಾತು: ಸ್ಟೇಷನ್ನಿನ ಹೆಸರು ಬರೀ ಸಾಗರ ಅಲ್ಲ, 'ಸಾಗರ ಜಂಬಗಾರು'. ಮಧ್ಯಪ್ರದೇಶದಲ್ಲೂ ಒಂದು ಸಾಗರ ಇದೆ, ನೋಡ್ಕೊಂಡು ಒತ್ತಿ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿತ್ತು. ಅರವತ್ತನೇ ದಿನ ಬೆಳಿಗ್ಗೆ ಎಂಟಕ್ಕೆ ಮೂರು ಫೋನ್ ಹಿಡ್ಕೊಂಡು ಕೂತು ಆರು ಸ್ಲೀಪರ್ ಬರ್ತ್ ಗಿಟ್ಟಿಸಿಕೊಂಡೆವು. ವಾಪಸ್ಸು ಭಾನುವಾರ ರಾತ್ರಿಯ ರೈಲಿಗೆ. ಸೋಮವಾರ ಬೆಳಗಿನ ಜಾವ ಬೆಂಗಳೂರು, ಒಂಬತ್ತಕ್ಕೆ ಲ್ಯಾಬ್. ಎರಡೂ ಕಡೆ ಬಫರ್ ಇತ್ತು. ಶೀಟಿನಲ್ಲಿ ಎಲ್ಲವೂ ಹಸಿರು.

ಹೊರಡೋಕೆ ಐದು ದಿನ ಇದ್ದಾಗ ಇಸಿ ಗೆಳತಿಯ ಬ್ಯಾಚಿಗೆ ಶನಿವಾರ ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಗೆ ಒಂದು ಟೆಸ್ಟ್ ಬಂತು. ಮತ್ತೆ ಬರೆಯೋಕೆ ಅವಕಾಶ ಇಲ್ಲದ ಟೆಸ್ಟ್. ಆ ರಾತ್ರಿ ಹಾಸ್ಟೆಲ್ ಮೆಸ್ಸಿನಲ್ಲಿ ಕೂತು ಶೀಟನ್ನು ಎಷ್ಟು ಸಲ ತಿರುಗಿಸಿದೆವೋ ಲೆಕ್ಕ ಇಲ್ಲ. ಹತ್ತೂವರೆಗೆ ಟೆಸ್ಟ್ ಮುಗಿಸಿ ಬಸ್ ಹತ್ತಿದ್ರೆ ಸಾಗರ ಮುಟ್ಟೋದೇ ಸಂಜೆ ದಾಟಿದ ಮೇಲೆ. ಅಲ್ಲಿಂದ ಹೊಳೆಬಾಗಿಲಿಗೆ ಇನ್ನೂ ಮುಕ್ಕಾಲು ಗಂಟೆಯಾದ್ರೂ ಬೇಕು. ಯಾವ ಕಡೆಯಿಂದ ಕೂಡಿದ್ರೂ ಒಂದೆರಡು ಗಂಟೆ ಕಡಿಮೆ ಬೀಳ್ತಿತ್ತು. ಇಪ್ಪತ್ತು ನಿಮಿಷದ ನೀರು, ಅಷ್ಟೇ. ಕೊನೆಗೆ ಅವಳೇ ಲ್ಯಾಪ್‌ಟಾಪ್ ಮುಚ್ಚಿ, "ನನ್ನ ಬರ್ತ್ ಕ್ಯಾನ್ಸಲ್ ಮಾಡಿ. ಲಲಿತ್ ಹಾಡಿದ್ರೆ ಯಾರೂ ನಿದ್ದೆ ಮಾಡಬೇಡಿ" ಅಂದಳು.

ನಾವು ಐದು ಜನ ಹೋದೆವು. ರೈಲು ಒಂದೂಕಾಲು ಗಂಟೆ ಲೇಟು, ಬಫರ್ ಅದನ್ನು ನುಂಗಿಕೊಂಡಿತು. ಸಾಗರದಲ್ಲಿ ತಿಂಡಿ ತಿಂದು ಬಸ್ ಹಿಡಿದೆವು. ಹೊಳೆಬಾಗಿಲಿನಲ್ಲಿ ಸಿಗಂದೂರು ದೇವಸ್ಥಾನಕ್ಕೆ ಹೋಗೋರ ಕಾರುಗಳ ಸಾಲು. ನಮ್ಮ ಬಸ್ಸೂ ಲಾಂಚ್ ಹತ್ತಿತು. ಪಕ್ಕದಲ್ಲೇ ಹೊಸ ಸೇತುವೆಯ ಕಂಬಗಳು, ಕೇಬಲ್ಲುಗಳು. ಸಿವಿಲ್ ಗೆಳೆಯ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸುಮಾರು 2.4 ಕಿಲೋಮೀಟರ್ ಅಂತ ಉದ್ದ ಹೇಳ್ತಾ ಇದ್ದ. ನಾವು ನೀರಿನ ಫೋಟೋ ತೆಗೀತಾ ಇದ್ದೆವು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಲಾಂಚಿಗೆ ಗಾಡಿಗಳನ್ನು ಹತ್ತಿಸೋದೇ ಇಲ್ಲ ಅಂತ ಪಕ್ಕದಲ್ಲಿ ನಿಂತಿದ್ದ ಅಜ್ಜ ಒಬ್ಬರು ಹೇಳಿದರು. ಬೆಂಗಳೂರಲ್ಲಿ ಕೂತು ಮಾಡಿದ ನಮ್ಮ ಶೀಟಿನಲ್ಲಿ ನೀರಿನ ಮಟ್ಟಕ್ಕೆ ಕಾಲಮ್ಮೇ ಇರಲಿಲ್ಲ.

ಮನೆಯಂಗಳದಲ್ಲಿ ಅಡಿಕೆ ಸೋಗೆಯ ಚಪ್ಪರ. ಮೈಕಿಲ್ಲ. ಬೇಕಾಗಿಯೂ ಇರಲಿಲ್ಲ, ಸುತ್ತ ತೋಟ, ಅದರಾಚೆ ಕಾಡು. ಕೊನೇ ಲಾಂಚ್ ಹೋದ ಮೇಲೆ ತಾನ್‌ಪುರ ಶ್ರುತಿ ಮಾಡಿದರು. ನೂರಕ್ಕೂ ಕಡಿಮೆ ಜನ. ಹತ್ತು ಗಂಟೆಯಾಯ್ತು, ಯಾರೂ ಎದ್ದು ಹೋಗಲಿಲ್ಲ. ಎರಡು ಗಂಟೆಗೆ ಕಷಾಯ, ಅವಲಕ್ಕಿ ಬಂತು. ಕೆಲವರು ಕಂಬಕ್ಕೊರಗಿ ನಿದ್ದೆ ಹೋದರು, ಮಾಲ್ಕೌಂಸ್ ನಡುವೆ ಎದ್ದು ತಲೆಯಾಡಿಸಿ ಮತ್ತೆ ಮಲಗಿದರು. ಅವರನ್ನ ಯಾರೂ ಎಬ್ಬಿಸಲಿಲ್ಲ.

"ಇಷ್ಟೊಂದು ಜನ ರಾತ್ರಿಯಿಡೀ ಕೂರ್ತಾರಲ್ಲ ದೊಡ್ಡಪ್ಪ" ಅಂತ ನಾವು ಬೆರಗಾದರೆ ಅವರು ನಕ್ಕುಬಿಟ್ಟರು. "ಕೂರದೆ ಎಲ್ಲಿಗೆ ಹೋಗ್ತಾರೆ? ಸಾಗರದಿಂದ ಬಂದವರಿಗೆ ಲಾಂಚಿಲ್ಲ. ಹಾಡೋರಿಗೂ ಇಲ್ಲ. ಇರೋದು ಒಂದೇ ಕೆಲಸ, ಹಾಡೋದು, ಕೇಳೋದು."

ಬೆಳಗಿನ ಜಾವ ಲಲಿತ್ ಹಾಡಿದರು. ಅದರಲ್ಲಿ ಎರಡೂ ಮಧ್ಯಮಗಳು ಪಕ್ಕಪಕ್ಕದಲ್ಲೇ ಬರುತ್ತವೆ ಅಂತ ಗೆಳತಿ ಹೇಳಿಕೊಟ್ಟಿದ್ದಳು. ಆ ಜಾಗ ಬಂದಾಗ ನಮಗೂ ಗೊತ್ತಾಯ್ತು. ಹೊರಗೆ ಇನ್ನೂ ಕತ್ತಲೆ, ಆದ್ರೆ ಪೂರ್ತಿ ಕತ್ತಲೆ ಅಲ್ಲ. ಹಾಡೂ ಹಾಗೇ ಇತ್ತು. ರೆಕಾರ್ಡ್ ಮಾಡಿ ಕಳಿಸೋಣ ಅಂದ್ರೆ ನೆಟ್‌ವರ್ಕ್ ಇಲ್ಲ. ಕೇಳಬೇಕಾದವಳು ನಾನೂರು ಕಿಲೋಮೀಟರಿನಷ್ಟು ದೂರ ಹಾಸ್ಟೆಲಿನಲ್ಲಿ ಮಲಗಿದ್ದಳು.

ಬೆಳಿಗ್ಗೆ ದೋಸೆ ತಿನ್ನುವಾಗ ನಾವು ಲಾಂಚನ್ನು ಸಿಕ್ಕಾಪಟ್ಟೆ ಹೊಗಳಿದೆವು. ಸೇತುವೆ ಬಂದ್ರೆ ಇದೆಲ್ಲ ಹೋಗುತ್ತಲ್ಲ ಅಂತ ಯಾರೋ ಅಂದೆವು. ದೊಡ್ಡಮ್ಮ ಕಾವಲಿಯ ಮೇಲಿನ ಕಣ್ಣು ತೆಗೆಯದೆ ಹೇಳಿದರು: "ನಿಮಗೆ ಒಂದು ದಿನಕ್ಕೆ ಚಂದ ಮಕ್ಕಳೇ. ನಮ್ಮತ್ತೆಗೆ ಒಂದು ರಾತ್ರಿ ಉಸಿರಾಟ ತೊಂದ್ರೆ ಆಗಿತ್ತು. ಒಂಬತ್ತು ಗಂಟೆ. ದಡದಲ್ಲಿ ಜೀಪಿನೊಳಗೆ ಅವರನ್ನ ಮಲಗಿಸ್ಕೊಂಡು, ಲಾಂಚಿನವರನ್ನ ಮನೆಯಿಂದ ಕರೆಸೋ ತನಕ ಕೂತಿದ್ದೆ. ಆಚೆ ದಡದ ದೀಪ ಕಾಣ್ತಿತ್ತು. ಅವರು ಬದುಕಿಕೊಂಡ್ರು. ಆದ್ರೆ ಆ ದೀಪ ನೋಡ್ತಾ ಕೂತಿದ್ದು ಮರೆಯೋಕಾಗಲ್ಲ." ಆಮೇಲೆ ನಮ್ಮ ತಟ್ಟೆಗೆ ಇನ್ನೊಂದು ದೋಸೆ ಹಾಕಿದರು. ನಾವು ಏನೂ ಮಾತಾಡಲಿಲ್ಲ.

ನಾವು ಎರಡು ತಿಂಗಳು ಕೂತು ಮಾಡಿದ ಲೆಕ್ಕ ಅವರ ಮನೆಯಲ್ಲಿ ದಿನಾ ನಡೆಯುತ್ತಿತ್ತು. ಕಾಲೇಜಿಗೆ ಹೋಗೋ ಮಕ್ಕಳು, ಹೆರಿಗೆಗೆ ಹೋಗೋರು, ಅಡಿಕೆ ಮಾರೋಕೆ ಹೋಗೋರು, ಎಲ್ಲರ ದಿನವೂ ಕೊನೇ ಲಾಂಚಿಂದ ಹಿಂದಕ್ಕೆ ಲೆಕ್ಕ ಹಾಕಿದ್ದೇ. ನಮಗೆ ಅದು ಒಂದು ವೀಕೆಂಡಿನ ಸಾಹಸ. ಅವರಿಗೆ ಅರವತ್ತು ವರ್ಷದ ಟೈಮ್‌ಟೇಬಲ್.

2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯ್ತು. ಆ ದಿನ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಮೊದಲ ಮೆಸೇಜ್ ಹಾಕಿದ್ದು ಇಸಿ ಗೆಳತಿ: "ಈಗಾಗಿದ್ರೆ ಬಂದಿರ್ತಿದ್ದೆ." ನಿಜ. ಸೇತುವೆ ಇದ್ದಿದ್ರೆ ಅವಳು ರಾತ್ರಿ ಊಟದ ಹೊತ್ತಿಗೆ ಬಂದು ಮುಟ್ಟಿ ಬೆಳಗಿನ ತನಕ ಕೇಳಬಹುದಿತ್ತು.

ಇನ್ನೊಂದು ಕಡೆಯ ಸುದ್ದಿ ದೊಡ್ಡಪ್ಪನಿಂದ ಬಂತು. ದೀಪಾವಳಿ ಕಳೆದ ಮೇಲೆ ನೆಂಟರ ಮನೆಯೊಂದರಲ್ಲಿ ಸಂಗೀತ ಇಟ್ಟಿದ್ದರಂತೆ. ಹಿಂದಿಗಿಂತ ದುಪ್ಪಟ್ಟು ಜನ ಬಂದರಂತೆ. ಊಟ ಮುಗಿದದ್ದೇ ಕಾರುಗಳು ಒಂದೊಂದಾಗಿ ಹೊರಟು, ಹನ್ನೊಂದಕ್ಕೆ ಅಂಗಳ ಅರ್ಧ ಖಾಲಿ. ಗಾಯಕರೂ ಒಂದಕ್ಕೆ ಭೈರವಿ ಹಾಡಿ ಮುಗಿಸಿದರು. "ತಪ್ಪಲ್ಲ, ಎಲ್ಲರಿಗೂ ಬೆಳಿಗ್ಗೆ ಕೆಲಸ ಇರುತ್ತೆ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು "ಆದ್ರೆ ಲಲಿತ್ ಆಗಲಿಲ್ಲ" ಅಂದ್ರು.

ನಮಗನ್ನಿಸೋದು ಇಷ್ಟು. ಬೆಳಗಿನ ತನಕ ಕೂರೋದನ್ನ ಇಷ್ಟು ವರ್ಷ ನೀರು ಮಾಡಿಸ್ತಿತ್ತು. ಅದಕ್ಕೋಸ್ಕರ ಯಾರೂ ದಡದಲ್ಲಿ ಉಸಿರಿಗೆ ಒದ್ದಾಡೋದು ಬೇಡ, ಸೇತುವೆ ಇನ್ನೂ ಮೊದಲೇ ಬರಬೇಕಿತ್ತು. ಆದ್ರೆ ಹೋಗೋಕೆ ದಾರಿ ಇದ್ದೂ ಕೂರೋದನ್ನ ಇನ್ನು ಮುಂದೆ ನಾವೇ ಕಲೀಬೇಕು. ಮಲೆನಾಡು, ಕರಾವಳಿಯ ಯಕ್ಷಗಾನಕ್ಕೂ ಇದೇ ಕಥೆ. ಬೆಳಗಾಗೋ ತನಕ ನಡೀತಿದ್ದ ಆಟಗಳು ಎಷ್ಟೋ ಕಡೆ 'ಕಾಲಮಿತಿ' ಆಗಿವೆ. ಆಟ ಚೆನ್ನಾಗೇ ಇರುತ್ತೆ, ಬೆಳಗಿನ ಜಾವದ ಭಾಗ ಮಾತ್ರ ಇರೋದಿಲ್ಲ.

ಹಾಗಾಗಿ ಈ ಫೆಬ್ರವರಿಗೆ ಹೊಸ ಶೀಟ್ ಮಾಡಿದ್ದೇವೆ. ಕೊನೇ ಲಾಂಚಿನ ಸಾಲು ತೆಗೆದು ಅದರ ಜಾಗದಲ್ಲಿ 'ಬೆಳಿಗ್ಗೆ ಏಳಕ್ಕೆ ಮುಂಚೆ ಯಾರೂ ಹೊರಡೋ ಹಾಗಿಲ್ಲ' ಅಂತ ಬರೆದಿದ್ದೇವೆ. ಯಾರೂ ಕಾರು, ಬೈಕು ತರೋ ಹಾಗಿಲ್ಲ ಅನ್ನೋದು ಎರಡನೇ ಸಾಲು. ಆರು ಬರ್ತ್ ಕನ್ಫರ್ಮ್ ಆಗಿವೆ, ಒಂದು ಅವಳದು. ಆ ಶನಿವಾರ ಟೆಸ್ಟ್ ಬಂದ್ರೂ ಈ ಸಲ ರಸ್ತೆ ಇದೆ. ದೊಡ್ಡಪ್ಪನಿಗೂ ಹೇಳಿದ್ದೇವೆ, ಲಲಿತ್ ಹೊತ್ತಿಗೆ ಅಂಗಳದಲ್ಲಿ ಆರು ಜನ ಎದ್ದಿರ್ತೀವಿ ಅಂತ. "ಆರು ಜನ ಇದ್ರೆ ಸಾಕು, ಹಾಡ್ತಾರೆ" ಅಂದ್ರು.

ಕನ್ನಡ ಸಂಘದಿಂದ ಇನ್ನೂ ನಾಲ್ಕೈದು ಜನ ಬರೋದಾದ್ರೆ ದೊಡ್ಡಮ್ಮನ ಅಭ್ಯಂತರ ಇಲ್ಲ, ಕೇಳಿ ಆಗಿದೆ. ಸ್ಲೀಪರ್‌ನಲ್ಲಿ ಈಗ ಆರ್‌ಎಸಿ ನಡೀತಾ ಇದೆ, ಬೇಗ ಮಾಡಿ. ಒಂದು ಬೆಡ್‌ಶೀಟ್, ಒಂದು ಸ್ವೆಟರ್ ತನ್ನಿ. ಸ್ಟೇಷನ್ನಿನ ಹೆಸರು ನೆನಪಿದೆಯಲ್ಲ? ಸಾಗರ ಜಂಬಗಾರು.